ಹಾಲಿನ ಕಿಂಡಿ

ನಮ್ಮೂರಿನ ಗೋಡೆಗಳು ಸದ್ದು ಕುಡಿಯುತ್ತವೆ. ಬಾಗಿಲು ಹಾಕಿಕೊಂಡರೆ ಮುಗಿಯಿತು. ಒಳಗೆ ಒರಳು ಕುಟ್ಟಿದರೂ, ಪಾತ್ರೆ ಎತ್ತಿ ಹಾಕಿದರೂ, ಗಂಡ ಹೆಂಡಿರು ಜುಟ್ಟು ಹಿಡಿದುಕೊಂಡು ಕಾದಾಡಿದರೂ ಬೀದಿಗೆ ಒಂದು ಪಿಸುಮಾತೂ ಬರುವುದಿಲ್ಲ. ಹೊರಗಿನದು ಒಳಕ್ಕೆ ಹೋಗುವುದೂ ಇಲ್ಲ. ಅದಕ್ಕೇ ನಮ್ಮಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಹಗ್ಗ ಇಳಿಬಿದ್ದಿರುತ್ತದೆ. ಅದನ್ನು ಎಳೆದರೆ ಒಳಗೆ ಅಡುಗೆಮನೆಯ ತೊಲೆಗೆ ಕಟ್ಟಿದ ಕೆಂಪು ಬಟ್ಟೆ ಕುಣಿಯುತ್ತದೆ. ಕಂಡರೆ ಬಂದು ತೆಗೆಯುತ್ತಾರೆ, ಕಾಣದಿದ್ದರೆ ಇಲ್ಲ. ಮದುವೆಯ ವಾಲಗ ಬೀದಿಯಲ್ಲೇ ಊದಿಸಬೇಕು. ಸಾವಾದರೆ ಬಾಗಿಲಿಗೆ ಬಿಳಿ ಪಂಚೆ ಇಳಿಬಿಡಬೇಕು, ಒಳಗೆ ಎಷ್ಟು ಅತ್ತರೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಹುಟ್ಟಿದಾಗಿನಿಂದ ಹೀಗೇ ಇದ್ದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ "ನಮ್ಮೂರು ಬಹಳ ಶಾಂತವಾದ ಊರು" ಎಂದು ಇವರು ಪರಸ್ಥಳದವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರಲ್ಲ, ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುತ್ತೇನೆ.

ನಾನು ದ್ಯಾವಮ್ಮ. ಮಂಡಿಯವರಿಗೆ ಗೋಣಿಚೀಲ ಹೊಲಿದುಕೊಟ್ಟು ಬದುಕುವವಳು. ಗಂಡ ಸುಣ್ಣದ ಗೂಡಿನಲ್ಲಿ ದುಡಿದು ದುಡಿದು ಎದೆ ಕಟ್ಟಿಕೊಂಡು ಹೋದಾಗ ಮಗಳು ಚಿಕ್ಕಿ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಆ ಸಂಕಟಕ್ಕೋ ಹೊಟ್ಟೆಗಿಲ್ಲದ್ದಕ್ಕೋ ನನ್ನ ಹಾಲು ಬತ್ತಿತು. ಗಂಜಿತಿಳಿ ಕುಡಿಸಿ ನೋಡಿದೆ, ಮಗು ಸೊರಗುತ್ತಲೇ ಹೋಯಿತು. ಕೊನೆಗೆ ಪೋಷಣೆ ಕಚೇರಿಗೆ ಹೋಗಿ ಹಾಲು ಕೇಳಿದೆ. ಕೇಳುವುದಕ್ಕೆ ನಾಚಿಕೆಯಾಯಿತು ಎಂದು ಸುಳ್ಳು ಹೇಳುವುದಿಲ್ಲ. ಮಗು ಹಸಿದಿತ್ತು, ಕೇಳಿದೆ, ಅಷ್ಟೆ. ಕಚೇರಿಯ ವನಜಾಕ್ಷಿ ಮೇಡಂ ಮನೆಗೆ ಬಂದರು. ಸಣ್ಣ ವಯಸ್ಸು, ಮೆತ್ತನೆ ಮಾತು. ಚಿಕ್ಕಿಯನ್ನು ಎತ್ತಿಕೊಂಡು, ಆ ಹಗುರಕ್ಕೆ ಬೆಚ್ಚಿ, ಕಣ್ಣಲ್ಲಿ ನೀರು ತಂದುಕೊಂಡರು. "ನಾಳೆಯಿಂದ್ಲೇ ಹಾಲು ಬರುತ್ತೆ ದ್ಯಾವಮ್ಮ, ಧೈರ್ಯವಾಗಿರಿ" ಎಂದರು. ಮಾರನೆಯ ದಿನ ಹಾಲಿಗಿಂತ ಮೊದಲು ಉಳಿ ಸುತ್ತಿಗೆ ಹಿಡಿದ ಆಳು ಬಂದ.

ಕಚೇರಿಯ ಹಾಲು ತಗೊಳ್ಳುವ ಮನೆಗೆಲ್ಲ ಕಿಂಡಿ ಕೊರೆಸಬೇಕು ಎನ್ನುವುದು ಕಾನೂನು. ಅದಕ್ಕೊಂದು ನ್ಯಾಯವಾದ ಕಾರಣವೂ ಇತ್ತು, ಇಲ್ಲವೆನ್ನುವುದಿಲ್ಲ. ಹಾಲಿನ ಗಾಡಿ ಬರುವುದು ಇನ್ನೂ ಬೆಳಕು ಹರಿಯುವ ಮೊದಲು. ಹಗ್ಗ ಎಳೆದರೆ ಮಲಗಿರುವವರಿಗೆ ಕೆಂಪು ಬಟ್ಟೆ ಕುಣಿದದ್ದು ಕಾಣುವುದಿಲ್ಲ. ಹೊಸ್ತಿಲ ಹೊರಗೆ ಇಟ್ಟರೆ ಬೆಕ್ಕು ಕುಡಿದು ಹೋಗುತ್ತದೆ. ಅದಕ್ಕೆ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಗೇಣು ಅಗಲದ ಕಿಂಡಿ, ಅದರೊಳಗೆ ಹಾಲಿನ ಕುಡಿಕೆ. "ಇದಕ್ಕೊಂದು ಹಲಗೆ ಹೊಡ್ಕೊಡಪ್ಪ" ಎಂದೆ ಆಳಿಗೆ. "ಮುಚ್ಚಂಗಿಲ್ಲ ಕಣಕ್ಕ, ಗಾಳಿ ಆಡ್ದೆ ಹೋದ್ರೆ ಹಾಲು ಹುಳಿಯಾಯ್ತದೆ ಅಂತ ಕಚೇರಿಯೋರು ಹೇಳವ್ರೆ" ಎಂದು ಉಳಿ ಕೊಡವಿಕೊಂಡು ಹೋದ. ಕೆಳಗಿನ ಸಾಲಿನಲ್ಲಿ ನನ್ನಂಥ ಬಡವರ ಮನೆಗಳಿಗೆಲ್ಲ ಹೀಗೆ ಒಂದೊಂದು ಕಿಂಡಿಯಾಯಿತು. ಹಾಲೂ ಬಂತು. ಚಿಕ್ಕಿಯ ಕೆನ್ನೆ ತುಂಬಿತು. ಆ ಹಾಲಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಆದರೆ ಹಾಲು ಒಳಗೆ ಬರುವ ದಾರಿಯಲ್ಲೇ ಸದ್ದು ಹೊರಗೆ ಹೋಗಲು ಶುರುವಾಯಿತು. ಊರಿನವರು ತಮ್ಮ ಜನ್ಮದಲ್ಲಿ ಇನ್ನೊಬ್ಬರ ಮನೆಯ ಮಗು ಅಳುವುದನ್ನು ಬೀದಿಯಲ್ಲಿ ನಿಂತು ಕೇಳಿದ್ದವರಲ್ಲ. ಮೊದಲ ಸಲ ಕೇಳಿದಾಗ ಗಾಡಿ ನಿಲ್ಲಿಸಿದವರುಂಟು, ತಲೆಯ ಮೇಲಿನ ಬುಟ್ಟಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ನಿಂತವರುಂಟು. ಎಳೆಮಕ್ಕಳು ಕುಂಯ್ ಎಂದಾಗ ಹಸಿವಿರಬೇಕು ಎಂದು ಸುಮ್ಮನಾದರು. ಮಕ್ಕಳಿಗೆ ಮಾತು ಬಂದಮೇಲೆ ನಮ್ಮ ಗ್ರಹಚಾರ ಕೆಟ್ಟಿತು.

ಚಿಕ್ಕಿಗೆ ನಾಲ್ಕು ತುಂಬಿತ್ತು. ಅವಳ ಕೂದಲು ಅಪ್ಪನದು, ಒತ್ತೊತ್ತು ಗುಂಗುರು. ಶನಿವಾರ ಬಂತೆಂದರೆ ಹರಳೆಣ್ಣೆ ತಟ್ಟಿ, ಬಚ್ಚಲಲ್ಲಿ ಕೂರಿಸಿ, ಸೀಗೆಪುಡಿ ಹಾಕಿ ಉಜ್ಜಬೇಕು. ಸೀಗೆಪುಡಿ ಕಣ್ಣಿಗೆ ಬಿದ್ದ ಮಗು ಏನು ಮಾಡುತ್ತದೆ ಎಂದು ಕೈ ಎತ್ತಿ ಹೇಳಿ ನೋಡೋಣ, ಗೊತ್ತಿಲ್ಲದ ತಾಯಿ ಈ ಊರಿನಲ್ಲಿ ಯಾರಿದ್ದಾಳೆ? "ಅಯ್ಯಯ್ಯೋ ಸಾಯಿಸ್ತಾವ್ಳೆ! ಅವ್ವ ಸಾಯಿಸ್ತಾವ್ಳೆ! ಯಾರಾದ್ರೂ ಬನ್ರೋ!" ಎಂದು ಕಿರುಚಿದಳು ನನ್ನ ಮಗಳು. ನಾನು ನಗುತ್ತಾ ಇನ್ನೊಂದು ತಂಬಿಗೆ ನೀರು ಹುಯ್ದೆ. ತಲೆ ಒರೆಸಿ, ಸಾಂಬ್ರಾಣಿ ಹಿಡಿಯೋಣವೆಂದು ಕೆಂಡಕ್ಕೆ ಅಡುಗೆಮನೆಗೆ ಬಂದರೆ ಕೆಂಪು ಬಟ್ಟೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಬಾಗಿಲು ತೆಗೆದರೆ ಬೀದಿ ತುಂಬ ಜನ.

ಎಲ್ಲರಿಗಿಂತ ಮುಂದೆ ನಿಂತಿದ್ದವರು ಎದುರು ಮನೆಯ ಪಂಕಜಮ್ಮ. ಕಾಫಿಪುಡಿ ಅಂಗಡಿಯ ಶ್ರೀಕಂಠಯ್ಯನ ತಾಯಿ. ದೊಡ್ಡ ಮನೆ, ದಪ್ಪ ಗೋಡೆ. "ಏನೇ ದ್ಯಾವಮ್ಮ, ಹೆತ್ತ ಮಗೂನ ಕೊಂದ್‌ಹಾಕ್ತೀಯೇನೇ?" ಎಂದರು. "ನೀರು ಹುಯ್ತಿದ್ದೆ ಕಣಮ್ಮಾ, ಸೀಗೆಪುಡಿ ಕಣ್ಗೆ ಬಿತ್ತು" ಎಂದೆ. "ನೀರು ಹುಯ್ದ್ರೆ ಯಾರಾದ್ರೂ ಹೀಗೆ ಕಿರುಚ್ತಾರಾ?" ಎಂದು ಅವರು ಸುತ್ತ ಇದ್ದವರ ಕಡೆ ತಿರುಗಿದರು. ಎಲ್ಲರೂ ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಅವರ ಸೆರಗಿನಿಂದಲೂ ಸೀಗೆಪುಡಿಯ ವಾಸನೆ ಬರುತ್ತಿತ್ತು. ಅವರ ಪಕ್ಕದಲ್ಲೇ ಮೊಮ್ಮಗಳು ಮಂದಾಕಿನಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಅದನ್ನು ಬೆರಳಿಟ್ಟು ತೋರಿಸಿದೆ. ಪಂಕಜಮ್ಮ ಹುಡುಗಿಯನ್ನು ಹಿಂದಕ್ಕೆ ಎಳೆದುಕೊಂಡರು. "ನಮ್ಮ ಮನೆ ಮಕ್ಕಳ ಸುದ್ದಿಗೆ ಬರಬೇಡ" ಎಂದರು.

ಹೀಗೇ ದೂರುಗಳು ಬಿದ್ದವು. ನನ್ನ ಮೇಲೆ ಮಾತ್ರವಲ್ಲ, ಕಿಂಡಿ ಇದ್ದ ಮನೆಗಳ ಮೇಲೆಲ್ಲ. ಪಕ್ಕದ ಹೊಂಬಾಳಕ್ಕನ ಮಗ ಕಹಿ ಕಷಾಯ ಕುಡಿಯಲೊಲ್ಲದೆ ಅತ್ತರೆ ದೂರು, ಬೆಲ್ಲ ಕೊಡಲಿಲ್ಲವೆಂದು ನೆಲಕ್ಕೆ ಬಿದ್ದು ಹೊರಳಾಡಿದರೆ ದೂರು. ಹಾಲಿಡಲು ಬಂದ ಕಚೇರಿಯವರಂತೂ ಕುಡಿಕೆ ಇಟ್ಟು ಹಾಗೇ ಕಿಂಡಿಗೆ ಕಿವಿಯಿಟ್ಟು ನಿಲ್ಲತೊಡಗಿದರು. ಅದು ಅವರ ಕೆಲಸಕ್ಕೆ ಹೊಸದಾಗಿ ಸೇರಿತಂತೆ. ಮಕ್ಕಳ ಕಾವಲು ಸಭೆ ಎಂದು ಒಂದು ಹುಟ್ಟಿತು. ನಿವೃತ್ತ ಮೇಷ್ಟ್ರು ಚಂದ್ರಹಾಸಪ್ಪ ಅದಕ್ಕೆ ಹಿರಿಯರು. ಹಳೆಯ ಜಕಾತಿ ಕಟ್ಟೆಯ ಮೇಲೆ ಸಭೆ ಸೇರಿ ನಮ್ಮನ್ನು ಕೆಳಗೆ ನಿಲ್ಲಿಸಿಕೊಂಡರು.

ಮೇಷ್ಟ್ರು ಮೇಲುಹೊದಿಕೆ ಸರಿಮಾಡಿಕೊಂಡು ಶುರುಮಾಡಿದರು. "ನಾನು ಬಹಳ ಯೋಚನೆ ಮಾಡಿದ್ದೀನಿ. ಈ ಊರಲ್ಲಿ ಮಕ್ಕಳು ಅಳೋ ಸದ್ದು ಎಲ್ಲಿಂದ ಬರ್ತಾ ಇದೆ? ಕಚೇರಿ ಹಾಲು ತಗೊಳ್ಳೋ ಮನೆಗಳಿಂದ. ತಗೊಳ್ಳದೆ ಇರೋ ಮನೆಯಿಂದ ಒಂದಾದರೂ ದೂರು ಬಂದಿದೆಯಾ? ಇಲ್ಲ. ಅಂದಮೇಲೆ ಕಾರಣ ಎಲ್ಲಿದೆ ಅಂತ ನೀವೇ ಹೇಳಿ." ಆಮೇಲೆ ಅವರವರಲ್ಲೇ ವಾದ ಹತ್ತಿತು. ಪುಕ್ಕಟೆ ಹಾಲು ಸಿಕ್ಕಿ ಸೊಕ್ಕು ಏರಿದೆ, ಅದಕ್ಕೇ ಮಕ್ಕಳನ್ನು ಬಡಿಯುತ್ತಾರೆ ಎಂದು ಒಬ್ಬರು. ಅಲ್ಲ, ಮಕ್ಕಳನ್ನು ಬಡಿಯುವ ಜಾತಿಯವರೇ ಹುಡುಕಿಕೊಂಡು ಹೋಗಿ ಹಾಲು ಕೇಳುತ್ತಾರೆ ಎಂದು ಇನ್ನೊಬ್ಬರು. ಹಾಲಿನಲ್ಲೇ ಏನೋ ದೋಷವಿದೆ, ಹಸು ಬದಲಾಯಿಸಿ ನೋಡೋಣ ಎಂದು ಮತ್ತೊಬ್ಬ ಮಹಾನುಭಾವರು. ಗಂಟೆಗಟ್ಟಲೆ ಮಾತಾಡಿದರು. ಗೋಡೆಯಲ್ಲಿ ತೂತು ಇದೆ, ಅದರಿಂದ ಕೇಳಿಸುತ್ತದೆ ಎಂದು ಒಂದು ನರಪಿಳ್ಳೆಯ ಬಾಯಿಂದಲೂ ಬರಲಿಲ್ಲ. ತಲೆಯಲ್ಲಿ ಬುದ್ಧಿ ಇದ್ದವರೇ ಎಲ್ಲರೂ. ಬುದ್ಧಿ ಇಲ್ಲದವರಾಗಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಸ್ವಾಮೇರಾ, ನಿಮ್ ಮನೆ ಮಕ್ಳು ಅಳಾಕಿಲ್ವಾ? ನಿಮ್ ಮಕ್ಳ ಕಣ್ಗೆ ಸೀಗೆಪುಡಿ ಬಿದ್ರೆ ಉರಿಯಾಕಿಲ್ವಾ? ನಮ್ ಗೋಡೆಗೆ ತೂತು ಹೊಡ್ದವ್ರು ನೀವು, ಕೇಳಿಸ್ಕೊಳ್ಳೋರು ನೀವು, ತಪ್ಪು ನಮ್ದಾ?" ಎಂದೆ. ಅವರವರ ಬಚ್ಚಲುಮನೆ ಅವರವರ ಕಣ್ಣ ಮುಂದೆ ಬಂದದ್ದು ನನಗೆ ಕಾಣಿಸಿತು. ಯಾರಾದರೂ ಒಬ್ಬರು, ಒಂದೇ ಒಬ್ಬರು, ಹೌದಮ್ಮ ನಮ್ಮನೆಯಲ್ಲೂ ಅಳುತ್ತವೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಂಕಜಮ್ಮ ಎದ್ದು ನಿಂತು, "ನೋಡಮ್ಮ, ನಾನು ನಮ್ಮನೆ ಎದುರಿಗೆ ಬೀದೀಲಿ ಎಷ್ಟೋ ಸಲ ನಿಂತಿದ್ದೀನಿ. ಒಂದು ದಿನಾನೂ ಅಳು ಕೇಳಿಲ್ಲ" ಎಂದರು. ಎಲ್ಲರಿಗೂ ಉಸಿರು ಬಂದಂತಾಯಿತು. ನಾನೂ ಕೇಳಿಲ್ಲ, ನಾನೂ ಕೇಳಿಲ್ಲ ಎಂದು ಕಟ್ಟೆಯ ತುಂಬ ಅದೇ ಮಾತಾಯಿತು. ಅವರ ಮಗ ಶ್ರೀಕಂಠಯ್ಯ ಮಾತ್ರ ನನ್ನ ಪರವಾಗಿ ಮಾತಾಡಿದ. ಬಿಳಿ ಷರಟು, ಹಣೆಯಲ್ಲಿ ಗಂಧ, ಮುಖದ ತುಂಬ ನಗು. "ಬೈಬೇಡಿ ಪಾಪ, ತಿಳಿವಳಿಕೆ ಇಲ್ಲದವರು. ಇನ್ನೊಂದು ಅವಕಾಶ ಕೊಡೋಣ. ಆಮೇಲೂ ತಿದ್ದಿಕೊಳ್ಳದಿದ್ದರೆ ಮಗೂನ ತೊಟ್ಟಿಲಮನೆಗೆ ಸೇರಿಸೋಣ" ಎಂದ. ನಾನು ಆ ಮನುಷ್ಯನಿಗೆ ಕೈಮುಗಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಹೆತ್ತವರಿಂದ ಬಿಡಿಸಿ ತಂದ ಮಕ್ಕಳನ್ನು ಇಡುವ ತೊಟ್ಟಿಲಮನೆ ಇರುವುದು ಹೊಳೆಯ ಆಚೆ ದಂಡೆಯಲ್ಲಿ. ಅದಕ್ಕೆ ಕಿಂಡಿ ಇಲ್ಲ. ಅಲ್ಲಿಗೆ ಹೋದ ಮಗು ಅಳುತ್ತದೋ ನಗುತ್ತದೋ ಹೆತ್ತವರಿಗೆ ತಿಳಿಯುವ ದಾರಿಯಿಲ್ಲ. ಮಾರನೆಯ ದಿನವೇ ಕಚೇರಿಗೆ ಹೋಗಿ, "ನಂಗೆ ಹಾಲು ಬ್ಯಾಡ ಮೇಡಂ, ಕಿಂಡಿ ಮುಚ್ಚಿಸ್ಕೊಡಿ" ಎಂದೆ. ವನಜಾಕ್ಷಿ ಮೇಡಂ ದನಿ ತಗ್ಗಿಸಿದರು. "ಹಾಗೆ ಕೇಳಬೇಡಿ ದ್ಯಾವಮ್ಮ. ಹಾಲು ಬೇಡ ಅಂದ್ರೆ ಏನೋ ಮುಚ್ಚಿಡ್ತಿದ್ದೀರ ಅಂತಾರೆ. ನಾನು ಬರೀಲೇಬೇಕಾಗುತ್ತೆ." ಅವರ ಮುಖದಲ್ಲಿ ಕನಿಕರವಿತ್ತು. ಕನಿಕರ ಇಟ್ಟುಕೊಂಡು ನಾನೇನು ಮಾಡಲಿ?

ಅಳು ನುಂಗುವ ಆಟವನ್ನು ನನಗೆ ಹೇಳಿಕೊಟ್ಟವಳು ಹೊಂಬಾಳಕ್ಕ. ಅವಳು ಮಗನಿಗೆ ಆಗಲೇ ಕಲಿಸಿಯಾಗಿತ್ತು. ಅಳು ಬಂತೆಂದರೆ ತುಟಿ ಒಳಕ್ಕೆ ಮಡಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಗುಟುಕ್ಕೆಂದು ನುಂಗಬೇಕು. ನುಂಗಿದರೆ ಒಂದು ಚೂರು ಬೆಲ್ಲ. ಚಿಕ್ಕಿಗೆ ಮೊದಮೊದಲು ಬರಲಿಲ್ಲ. ಸೆರಗನ್ನು ಬಾಯಿಗೆ ಕೊಟ್ಟು ಕಚ್ಚಿಸಿದೆ. "ಅತ್ರೆ ನಿನ್ನ ಹೊಳೆ ಆಚೆಗೆ ಎತ್ಕೊಂಡು ಹೋಯ್ತಾರೆ ಮಗಾ" ಎಂದು ಹೆದರಿಸಿದೆ. ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಬೆಲ್ಲವೂ ಬೇಕಾಗಲಿಲ್ಲ. ಶನಿವಾರ ಸೀಗೆಪುಡಿ ಕಣ್ಣಿಗೆ ಬಿದ್ದರೆ ಗುಂಗುರು ತಲೆಯ ನನ್ನ ಮಗಳು ಬಚ್ಚಲ ಕಲ್ಲಿನ ಮೇಲೆ ಗಡಗಡ ನಡುಗುತ್ತಾ, ಗುಟುಕ್ ಗುಟುಕ್ ಎಂದು ನುಂಗುತ್ತಾ ಕೂತಿರುತ್ತಿದ್ದಳು. ಬೆನ್ನು ತಿಕ್ಕುವ ನನ್ನ ಕೈಗೆ ಆ ನಡುಕ ತಗಲುತ್ತಿತ್ತು. ಕೆಳಗಿನ ಸಾಲಿನ ಮಕ್ಕಳೆಲ್ಲ ಹಾಗಾದವು. ಬಿದ್ದರೆ ಸುಮ್ಮನೆ ಏಳುತ್ತಿದ್ದವು, ಹಸಿದರೆ ಸುಮ್ಮನೆ ಕೂರುತ್ತಿದ್ದವು. ಕಾವಲು ಸಭೆಗೆ ಹಿಗ್ಗೋ ಹಿಗ್ಗು. ಜನ ಸುಧಾರಿಸಿದರು ಎಂದು ಜಕಾತಿ ಕಟ್ಟೆಯ ಮೇಲೆ ಮೈಸೂರುಪಾಕು ಹಂಚಿದರು. ನನಗೂ ಒಂದು ಕೊಟ್ಟರು. ಅದನ್ನು ಅಲ್ಲೇ ನಾಯಿಗೆ ಹಾಕಿದೆ.

ಆ ದಿನಗಳಲ್ಲಿ ಎದುರು ಮನೆಯ ಮಂದಾಕಿನಿ ಹಿತ್ತಿಲ ಬಾಗಿಲಿನಿಂದ ನಮ್ಮನೆಗೆ ಬರುತ್ತಿದ್ದಳು. ಎಂಟು ಒಂಬತ್ತು ವರ್ಷದ ಹುಡುಗಿ, ಶ್ರೀಕಂಠಯ್ಯನ ಮಗಳು. ತಾಯಿ ತವರಿಗೆಂದು ಹೋದವಳು ತಿರುಗಿ ಬಂದಿರಲಿಲ್ಲ. ಬಂಗಾರದಂಥ ಗಂಡನನ್ನು ಬಿಟ್ಟು ಹೋದಳು, ತಲೆ ಕೆಟ್ಟವಳು ಎಂದು ಊರೆಲ್ಲ ಆಡಿಕೊಂಡಿತ್ತು. ಹುಡುಗಿ ಚಿಕ್ಕಿಯ ಜೊತೆ ಗೋಣಿ ರಾಶಿಯ ಮೇಲೆ ಆಡುತ್ತಿದ್ದಳು, ಅಜ್ಜಿಗೆ ಗೊತ್ತಾಗುವ ಮೊದಲು ಓಡುತ್ತಿದ್ದಳು. ಒಂದು ದಿನ ಕಿಂಡಿಯೊಳಗೆ ಕೈಯಾಡಿಸುತ್ತಾ, "ದ್ಯಾವಕ್ಕ, ಇಲ್ಲಿ ಅತ್ರೆ ಬೀದೀಲಿರೋರಿಗೆಲ್ಲ ಕೇಳಿಸುತ್ತಾ?" ಎಂದು ಕೇಳಿದಳು. "ಬೀದಿಗೇನು, ಊರಿಗೇ ಕೇಳಿಸ್ತದೆ ಕಣವ್ವ, ನಮ್ ಹಣೆಬರ" ಎಂದೆ, ಗೋಣಿಯಿಂದ ತಲೆಯೆತ್ತದೆ. "ನಮ್ಮನೇಲಿ ಕೇಳಿಸಲ್ಲ" ಎಂದಳು. ಅಜ್ಜಿಯ ಮಾತನ್ನೇ ಮೊಮ್ಮಗಳೂ ಆಡುತ್ತಿದ್ದಾಳೆ ಎಂದುಕೊಂಡೆ. ದೊಡ್ಡ ಮನೆಯ ಹೆಮ್ಮೆ ಎಂದುಕೊಂಡು ದಬ್ಬಣ ಚುಚ್ಚಿ ದಾರ ಎಳೆದೆ.

ದಬ್ಬಣವೆಂದರೆ ಗೋಣಿ ಹೊಲಿಯುವ ದೊಡ್ಡ ಸೂಜಿ. ಒಂದು ಬೆಳಿಗ್ಗೆ ನನ್ನ ಹಳೆಯ ದಬ್ಬಣವೊಂದು ಕಾಣಿಸಲಿಲ್ಲ. ಎಲ್ಲೋ ಗೋಣಿಯೊಳಗೆ ಸೇರಿರಬೇಕೆಂದು ಇನ್ನೊಂದು ತೆಗೆದುಕೊಂಡೆ. ಚಿಕ್ಕಿ ಆವತ್ತೆಲ್ಲ ಮೂಲೆಯಲ್ಲಿ ಕಾಲಿನ ಮೇಲೆ ದುಪ್ಪಟಿ ಹೊದ್ದುಕೊಂಡು ಕೂತಿದ್ದಳು. ಆಡಲಿಲ್ಲ. ಉಣ್ಣುವುದಕ್ಕೆ ಕರೆದರೆ ಅಲ್ಲಿಗೇ ತಂದುಕೊಡು ಎಂದಳು. ಮಾರನೆಯ ದಿನ ಮುಟ್ಟಿದರೆ ಮೈ ಕೆಂಡ. ದುಪ್ಪಟಿ ಎಳೆದು ನೋಡಿದೆ. ಹಿಮ್ಮಡಿ ನೀಲಿಗಟ್ಟಿ ಊದಿಕೊಂಡಿತ್ತು. ದಬ್ಬಣದ ಮೊನೆ ಮುರಿದು ಒಳಗೇ ಉಳಿದಿತ್ತು, ಉಳಿದ ತುಂಡನ್ನು ಮಗು ತಾನೇ ಕಿತ್ತು ದುಪ್ಪಟಿಯ ಮಡಿಕೆಯಲ್ಲಿ ಬಚ್ಚಿಟ್ಟಿತ್ತು. "ಯಾಕವ್ವ ಹೇಳ್ನಿಲ್ಲ? ಯಾಕ್ ಮಗಾ ಅಳ್ನಿಲ್ಲ?" ಎಂದು ಕಿರುಚಿದೆ. ಅವಳು ನನ್ನ ಬಾಯಿಗೆ ತನ್ನ ಸಣ್ಣ ಕೈ ಅಡ್ಡ ಹಿಡಿದು ಕಿಂಡಿಯ ಕಡೆ ನೋಡಿದಳು. "ನುಂಗ್ದೆ ಅವ್ವ. ಎಲ್ಲಾನೂವೆ ನುಂಗ್ದೆ. ಬೆಲ್ಲ ಕೊಡ್ತೀಯ?" ಎಂದಳು.

ನಾನು ಅವಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕೊಯ್ದು ಮೊನೆ ತೆಗೆದರು. ಕೊಯ್ಯುವಾಗಲೂ ಅವಳು ಅಳಲಿಲ್ಲ. ಡಾಕ್ಟರು ನನ್ನನ್ನೇ ದಿಟ್ಟಿಸಿ, "ಇಷ್ಟು ದೊಡ್ಡ ಗಾಯಕ್ಕೆ ಮಗು ಅಳದೆ ಇರುತ್ತಾ? ನಿಮ್ಮನೆಗೆ ಕಿಂಡಿ ಇದೆ ತಾನೆ? ಯಾರೂ ಯಾಕೆ ದೂರು ಕೊಟ್ಟಿಲ್ಲ? ಬಾಯಿ ಕಟ್ಟಿ ಹಾಕಿದ್ಯಾ?" ಎಂದರು. ಕಚೇರಿಗೆ ಸುದ್ದಿ ಹೋಯಿತು. ಮಗು ಅತ್ತಾಗ ಹೊಡೆಯುವ ತಾಯಿಯಾಗಿದ್ದೆ, ಅಳದೆ ಇದ್ದಾಗ ಮುಚ್ಚಿಡುವ ತಾಯಿಯಾದೆ. ಅತ್ತರೂ ತಪ್ಪು, ಅಳದಿದ್ದರೂ ತಪ್ಪು, ಹಾಲು ಕುಡಿದರೂ ತಪ್ಪು, ಬೇಡವೆಂದರೂ ತಪ್ಪು. ಮನೆಗೆ ಬಂದು ಚಿಕ್ಕಿಯನ್ನು ತೊಡೆಯ ಮೇಲೆ ಹಾಕಿಕೊಂಡು, "ಅಳು ಮಗಾ, ಹಾಳಾಗೋಗ್ಲಿ, ಜೋರಾಗಿ ಅಳು" ಎಂದು ಬೇಡಿಕೊಂಡೆ. ತುಟಿ ಒಳಕ್ಕೆ ಮಡಚಿಕೊಂಡು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅಳುವುದು ಹೇಗೆಂದು ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಬಂದರು. ಮೇಷ್ಟ್ರು, ಪಂಕಜಮ್ಮ, ಶ್ರೀಕಂಠಯ್ಯ, ವನಜಾಕ್ಷಿ ಮೇಡಂ, ಹಿಂದೆ ಬೀದಿಯ ಜನ. ನಾನು ಒಳಗೆ ಕರೆಯಲಿಲ್ಲ. ಚಿಕ್ಕಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡು ನಿಂತೆ. ಅವಳ ಕಾಲಿನ ಬಿಳಿಯ ಪಟ್ಟಿಯನ್ನೇ ಎಲ್ಲರೂ ನೋಡುತ್ತಿದ್ದರು. "ಸುಮ್ಮನೆ ಕೊಟ್ಟುಬಿಡಮ್ಮ. ಮಗುವಿನ ಒಳ್ಳೇದಕ್ಕೇ ಅಲ್ಲವೇ?" ಎಂದರು ಮೇಷ್ಟ್ರು. "ನನ್ ಮಗೀನ ಈ ಗತಿಗೆ ತಂದೋರು ನೀವು. ನೀವು ಕಿವಿ ಇಟ್ಟಿದ್ಕೇ ಅದು ಬಾಯಿ ಮುಚ್ಕೊಂಡಿದ್ದು. ಮುಟ್ಟಿದ್ರೆ ನೋಡಿ" ಎಂದೆ. "ಬಾಯಿ ನೋಡು ಇವಳದು" ಎಂದರು ಪಂಕಜಮ್ಮ. ಶ್ರೀಕಂಠಯ್ಯ ಅದೇ ನಗುಮುಖದಿಂದ ಮುಂದೆ ಬಂದು ನನ್ನ ತೋಳು ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬೆರಳುಗಳ ಗುರುತು ಆಮೇಲೆ ಎಷ್ಟೋ ದಿನ ಹೋಗಲಿಲ್ಲ. "ತಗೊಳ್ಳಿ ಮೇಡಂ" ಎಂದ. ಮೇಡಂ ಅಳುತ್ತಲೇ ಚಿಕ್ಕಿಯನ್ನು ನನ್ನ ಸೊಂಟದಿಂದ ಬಿಡಿಸಿಕೊಂಡರು. ಚಿಕ್ಕಿ ಎರಡೂ ಕೈ ನನ್ನ ಕಡೆ ಚಾಚಿದಳು. ತುಟಿ ಮಡಚಿದಳು. ಗುಟುಕ್ ಎಂದು ನುಂಗಿದಳು. ನಾನು ಕೊಸರಾಡಿದೆ, ಬೈದೆ, ಉಗಿದೆ. ಏನೂ ಆಗಲಿಲ್ಲ.

ಆಗ ನಮ್ಮ ಮನೆಯ ಕಿಂಡಿಯಿಂದ ಅಳು ಬಂತು.

ಮಗುವಿನ ಅಳು. ಸಣ್ಣಗೆ ಶುರುವಾಗಿ, ಬಿಕ್ಕಿ, ತಡೆದು, ಮತ್ತೆ ಕಿತ್ತುಕೊಂಡು ಬಂತು. ಗುಂಪಿನಲ್ಲಿದ್ದ ಒಬ್ಬ ಅಭ್ಯಾಸಬಲದಿಂದ, "ನೋಡಿ, ನೋಡಿ, ಮತ್ತೆ ಮಗೂಗೆ ಹೊಡೀತಾ ಅವ್ಳೆ" ಎಂದ. ಅಂದಮೇಲೆ ಅವನಿಗೇ ನಾನು ಎದುರಿಗೆ ನಿಂತಿರುವುದು ಕಾಣಿಸಿತು. ಮೇಡಂ ಕಂಕುಳಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ ಚಿಕ್ಕಿ ಕಾಣಿಸಿದಳು. ಮೇಷ್ಟ್ರು ಬಾಗಿಲನ್ನು, ನನ್ನನ್ನು, ಮಗುವನ್ನು ಮೂರನ್ನೂ ನೋಡುತ್ತಾ ನಿಂತರು. ಕಿಂಡಿಯಿಂದ ಈಗ ಮಾತು ಬಂತು. "ಬೇಡಪ್ಪಾ. ಇನ್ನು ಮಾಡಲ್ಲಪ್ಪಾ. ಕೈ ಬೇಡ, ಕೈ ಸುಡಬೇಡಪ್ಪಾ. ಅಜ್ಜೀ, ನೀನಾದ್ರೂ ಹೇಳಜ್ಜೀ."

ನಮ್ಮ ಮನೆಯಲ್ಲಿ ಅಪ್ಪ ಇಲ್ಲ. ಸತ್ತು ಮಣ್ಣಾಗಿ ವರ್ಷಗಳಾಗಿವೆ. ಅಜ್ಜಿಯೂ ಇಲ್ಲ. ಅದು ಬೀದಿಗೆಲ್ಲ ಗೊತ್ತು. ಒಬ್ಬರ ಮನೆಯ ಮಕ್ಕಳ ಅಳುವಿನ ದನಿ ಇನ್ನೊಬ್ಬರಿಗೆ ಪರಿಚಯವಿಲ್ಲದ ಊರು ನಮ್ಮದು. ಹಾಗಾಗಿ ಇದು ಯಾರ ಮಗು ಎಂದು ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಇಬ್ಬರಿಗೆ. ಶ್ರೀಕಂಠಯ್ಯನ ಬೆರಳುಗಳು ನನ್ನ ತೋಳಿನ ಮೇಲೆ ಸಡಿಲವಾದವು. ಪಂಕಜಮ್ಮ ಧಡಧಡನೆ ಓಡಿಬಂದರು. ಬಾಗಿಲು ತೆಗೆಯುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ ಎಂದುಕೊಂಡೆ. ಅವರು ತಮ್ಮ ಸೆರಗನ್ನು ಉಂಡೆ ಮಾಡಿ ನನ್ನ ಕಿಂಡಿಯೊಳಗೆ ತುರುಕಿದರು. ಎರಡೂ ಅಂಗೈ ಒತ್ತಿ ಹಿಡಿದರು. ಅಳು ನಿಂತಿತು. ನಿಂತದ್ದು ಬೀದಿಗೆ ಮಾತ್ರ.

ನನ್ನ ಬದುಕಿನಲ್ಲಿ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ, ಮುಂದೂ ಬರಲಾರದು. ಆ ವಯಸ್ಸಾದ ಹೆಂಗಸಿನ ರಟ್ಟೆ ಹಿಡಿದು ಎಳೆದೆ. ಸೆರಗು ಹರಿಯಿತು, ಹರಿಯಲಿ. "ತೆಗೀರಿ ಕೈಯ! ನನ್ ಮಗು ಅತ್ರೆ ಬೀದಿಗೆ ಕೇಳ್ಬೇಕು, ನಿಮ್ ಮನೆ ಮಗು ಅತ್ರೆ ಸೆರಗು ತುರುಕ್ತೀರಾ? ಕೇಳ್ಲಿ, ಎಲ್ರೂ ಕೇಳ್ಲಿ!" ಎಂದೆ. ಬಟ್ಟೆ ಕಿತ್ತು ಬಂದ ಕೂಡಲೇ ಅಳು ಮತ್ತೆ ಬೀದಿಗೆ ಬಿತ್ತು. ಪಂಕಜಮ್ಮ ಗೋಡೆಗೆ ಒರಗಿ ಕುಸಿದು ಕೂತರು. "ನಮ್ಮ ಮಂದಾ" ಎಂದರು. "ನಮ್ಮನೆಯಿಂದ ಹೊರಗೆ ಯಾರಿಗೂ ಕೇಳಿಸ್ತಿರಲಿಲ್ಲ, ನಾನೊಬ್ಬಳೇ ಕೇಳಿಸ್ಕೋತಿದ್ದ್ನಲ್ಲಪ್ಪಾ" ಎಂದು ಹಣೆ ಚಚ್ಚಿಕೊಂಡರು. ಶ್ರೀಕಂಠಯ್ಯ ಇದೆಲ್ಲ ನಾಟಕ, ಇವಳೇ ಹೇಳಿಕೊಟ್ಟಿದ್ದಾಳೆ ಎಂದು ಏನೇನೋ ಹೇಳಿದ. ಅವನ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯಲು ಮರೆತವನಂತೆ.

ವನಜಾಕ್ಷಿ ಮೇಡಂ ಚಿಕ್ಕಿಯನ್ನು ತಂದು ನನ್ನ ಕೈಗೆ ಕೊಟ್ಟರು. ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಮಂದಾಕಿನಿ ಕಿಂಡಿಯ ಕೆಳಗೆ ಗೋಣಿಯ ಮೇಲೆ ಮಂಡಿಯೂರಿ, ಬಾಯನ್ನು ಕಿಂಡಿಗೆ ಇಟ್ಟುಕೊಂಡು ಕೂತಿದ್ದಳು. ಮೇಡಂ ಅವಳನ್ನು ಎತ್ತಿಕೊಂಡು ಹೊರಗೆ ತಂದಾಗ ಅವಳ ಉದ್ದ ತೋಳಿನ ರವಿಕೆ ಮೇಲಕ್ಕೆ ಸರಿದಿತ್ತು. ಮೊಣಕೈವರೆಗೂ ಸುಟ್ಟ ಕಲೆಗಳು, ಹಳೆಯವೂ ಹೊಸವೂ. ಬೀದಿಯ ಜನ ಮುಖ ತಿರುಗಿಸಿಕೊಂಡರು. ನನ್ನ ಮಗಳ ಕಾಲಿನ ಪಟ್ಟಿಯನ್ನು ಕಣ್ಣು ಬಿಟ್ಟುಕೊಂಡು ನೋಡಿದ ಕಣ್ಣುಗಳೇ ಅವು. "ಇಲ್ಲಿಗೆ ಯಾಕವ್ವ ಬಂದೆ?" ಎಂದು ಕೇಳಿದೆ. ಮಂದಾ ಬಿಕ್ಕುತ್ತಾ, "ಚಿಕ್ಕಿ ಅಳಲ್ವಲ್ಲ ದ್ಯಾವಕ್ಕ. ಅದಕ್ಕೇ ನಾನು ಅತ್ಬಿಟ್ಟೆ" ಎಂದಳು.

ಮಂದಾಳನ್ನು ಈಗ ತಾಯಿ ಬಂದು ಕರೆದುಕೊಂಡು ಹೋಗಿದ್ದಾಳೆ. ಆ ತಾಯಿಯನ್ನು ತಲೆ ಕೆಟ್ಟವಳು ಎಂದಿದ್ದವರು ಯಾರೂ ಅವಳ ಮುಖ ನೋಡಲು ಹೊರಗೆ ಬರಲಿಲ್ಲ. ಶ್ರೀಕಂಠಯ್ಯ ಅಂಗಡಿಗೆ ಬೀಗ ಹಾಕಿ ಊರು ಬಿಟ್ಟ. ಊರಿಗೆ ಬುದ್ಧಿ ಬಂತು ಎಂದುಕೊಂಡಿರಾ? ಕಾವಲು ಸಭೆ ಮತ್ತೆ ಸೇರಿತು. ಬೇರೆ ಮನೆಗಳಲ್ಲೂ ಇಂಥದ್ದು ಇರಬಹುದು, ಎಲ್ಲ ಗೋಡೆಗಳಿಗೂ ಒಂದೊಂದು ಕಿಂಡಿ ಕೊರೆಸೋಣ ಎಂದು ವನಜಾಕ್ಷಿ ಮೇಡಂ ಎದ್ದು ನಿಂತು ಕೇಳಿದರಂತೆ. ಮರ್ಯಾದಸ್ಥರ ಮನೆಗೆ ತೂತು ಹೊಡೆಯುವುದೇ ಎಂದು ಎಲ್ಲರೂ ಒಟ್ಟಾಗಿ ಮೇಲೆ ಬಿದ್ದರಂತೆ. ಕೊನೆಗೆ ಒಂದು ತೀರ್ಮಾನವಾಯಿತು. ಕಿಂಡಿ ಇರುವ ಮನೆಯೊಳಕ್ಕೆ ಇನ್ನು ಮುಂದೆ ಯಾರೂ ತಮ್ಮ ಮಕ್ಕಳನ್ನು ಬಿಡಬಾರದು. ನನ್ನ ಕಿಂಡಿಯನ್ನು ಮುಚ್ಚಿಸಿಕೊಡುತ್ತೇವೆ, ಹಾಲನ್ನು ಬೇಕಾದರೆ ಕಚೇರಿಗೇ ಬಂದು ತಗೊಂಡು ಹೋಗಲಿ ಎಂದು ಮೇಷ್ಟ್ರು ಆಳನ್ನೂ ಕಳಿಸಿದರು. ಅವನು ಗಾರೆ ಕಲಸಿಕೊಂಡು ಬಂದ. ನಾನು ಅವನ ಸುತ್ತಿಗೆ ಇಸಿದುಕೊಂಡು ಅವನ ಕಣ್ಣೆದುರಿಗೇ ಕಿಂಡಿಯನ್ನು ಇನ್ನೊಂದು ಗೇಣು ಒಡೆದು ಅಗಲ ಮಾಡಿದೆ. ಹಿತ್ತಿಲ ಬಾಗಿಲಿನ ಅಗುಳಿಯನ್ನು ಕಿತ್ತು ಒಲೆಗೆ ಹಾಕಿದೆ. ಯಾರ ಮಗುವಾದರೂ ಬರಲಿ.

ಆ ಶನಿವಾರದ ಮಾತು ಒಂದು ಉಳಿಯಿತು. ಮೇಡಂ ಮಂದಾಳನ್ನು ಎತ್ತಿಕೊಂಡು ಹೋದಮೇಲೆ ಜನ ಒಬ್ಬೊಬ್ಬರಾಗಿ ಚದುರಿದರು. ನಾನು ಹೊಸ್ತಿಲ ಮೇಲೆ ಕೂತೆ. ಚಿಕ್ಕಿ ನನ್ನ ತೊಡೆಯ ಮೇಲೆ ಕಿಂಡಿಯನ್ನೇ ನೋಡುತ್ತಾ ಕೂತಿದ್ದಳು. ಅವಳ ತುಟಿ ಮಡಚಿಕೊಂಡಿತು. ನುಂಗುತ್ತಾಳೆ ಎಂದುಕೊಂಡೆ. ಆಮೇಲೆ ತುಟಿ ಬಿಚ್ಚಿತು, ಅದುರಿತು, ಒಂದು ಸಣ್ಣ ಸದ್ದು ಬಂತು, ಅದರ ಹಿಂದೆ ಇಷ್ಟು ದಿನದ್ದೆಲ್ಲ ಬಂತು. ಕಾಲು ನೋಯುತ್ತೆ ಅವ್ವಾ, ಸೂಜಿ ನೋಯುತ್ತೆ ಅವ್ವಾ, ಕಣ್ಣು ಉರಿಯುತ್ತೆ ಅವ್ವಾ ಎಂದು, ಆಗಿದ್ದೂ ಹೋಗಿದ್ದೂ ಎಲ್ಲವನ್ನೂ ಹೇಳಿಕೊಂಡು ಊರು ಕಿತ್ತುಹೋಗುವಂತೆ ಅತ್ತಳು. ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ನಾನು ಅವಳ ಬಾಯಿ ಮುಚ್ಚಲಿಲ್ಲ.